ಅಮಾನತಾದವನ ಅರ್ಧ ಸಂಬಳ

ಕಚೇರಿಯ ಗುಮಾಸ್ತರೋ ಕಾರ್ಖಾನೆಯ ಕಾರ್ಮಿಕರೋ ಸಸ್ಪೆಂಡ್ ಆದ ಸುದ್ದಿ ಬಂದಾಗಲೆಲ್ಲ ಚಹಾದಂಗಡಿಯಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಅವನಿಗೇನಂತೆ, ಮನೇಲಿ ಕೂತು ಅರ್ಧ ಸಂಬಳ ಎಣಿಸ್ತಾನೆ!’ ಮಾಲೀಕರೂ ಇದೇ ಪ್ರಶ್ನೆಯನ್ನು ಸ್ವಲ್ಪ ಗಂಭೀರವಾದ ಭಾಷೆಯಲ್ಲಿ ಕೇಳುತ್ತಾರೆ. ಕದ್ದನೆಂದೋ ಹೊಡೆದನೆಂದೋ ಅನುಮಾನಪಟ್ಟು ಗೇಟಿನಾಚೆ ನಿಲ್ಲಿಸಿದವನಿಗೆ ತಿಂಗಳು ತಿಂಗಳು ಹಣ ಏಕೆ ಕೊಡಬೇಕು?

ಪ್ರಶ್ನೆ ಅಸಂಗತವೇನಲ್ಲ. ಆದರೆ ಅದಕ್ಕೆ ಉತ್ತರ ಕಂಡುಕೊಳ್ಳಲು ನಮ್ಮ ಕಾನೂನಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಹಾದಿಯ ಒಂದು ಮುಖ್ಯ ತಿರುವು ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ ಇದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಮೊದಲಿಗೆ ಅಮಾನತು ಎಂದರೇನು ಎಂಬುದನ್ನು ನೋಡೋಣ. ಅದು ವಜಾ ಅಲ್ಲ. ನೌಕರ ನೌಕರನಾಗಿಯೇ ಇರುತ್ತಾನೆ, ಮಾಲೀಕ ಮಾಲೀಕನಾಗಿಯೇ. ನಡುವೆ ಕೆಲಸ ಮಾತ್ರ ನಿಂತಿರುತ್ತದೆ. ವಿಚಾರಣೆ ಮುಗಿಯುವತನಕ ಆತ ದಾಖಲೆಗಳ ಹತ್ತಿರ, ಸಾಕ್ಷಿಗಳ ಹತ್ತಿರ ಸುಳಿಯದಿರಲಿ ಎಂಬುದು ಇದರ ಉದ್ದೇಶ. ಹಳೆಯ ಇಂಗ್ಲಿಷ್ ಯಜಮಾನ–ಸೇವಕ ಕಾನೂನು ಈ ವಿಷಯದಲ್ಲಿ ಅಚ್ಚರಿಯಾಗುವಷ್ಟು ನೇರವಾಗಿತ್ತು. ಸೇವಕನನ್ನು ಕೆಲಸಕ್ಕೆ ಬರಬೇಡವೆನ್ನುವ ಹಕ್ಕು ಯಜಮಾನನಿಗೆ ಉಂಟು, ಆದರೆ ಸಂಬಳ ನಿಲ್ಲಿಸುವ ಹಕ್ಕು ತಾನಾಗಿ ಬರುವುದಿಲ್ಲ. ಕರಾರಿನಲ್ಲೋ ಕಾಯ್ದೆಯಲ್ಲೋ ನಿಯಮದಲ್ಲೋ ಅಂಥ ಅಧಿಕಾರ ಬರೆದಿದ್ದರೆ ಮಾತ್ರ ಸಂಬಳಕ್ಕೆ ಕೈಹಾಕಬಹುದು. ದೆಹಲಿಯ ಇಂಪೀರಿಯಲ್ ಹೋಟೆಲಿನ ಕಾರ್ಮಿಕರ ಪ್ರಕರಣದಲ್ಲಿ 1959ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಅಂದರೆ ಚಹಾದಂಗಡಿಯ ಲೆಕ್ಕವನ್ನು ತಿರುವಿ ಹಾಕಬೇಕು. ಮೂಲದಲ್ಲಿ ಅಮಾನತಾದವನಿಗೆ ಸಲ್ಲಬೇಕಾದ್ದು ಪೂರ್ಣ ಸಂಬಳ. ಅರ್ಧ ಎಂಬುದು ಆಮೇಲೆ ನಿಯಮಗಳ ಮೂಲಕ ಬಂದ ಕಡಿತ.

ಆ ಕಡಿತವನ್ನು ಬರೆದಿಡುವುದರಲ್ಲಿ ಸರ್ಕಾರವೇ ಮುಂದಿತ್ತು. 1922ರಲ್ಲಿ ಜಾರಿಗೆ ಬಂದ ಬ್ರಿಟಿಷ್ ಸರ್ಕಾರದ ಮೂಲ ನಿಯಮಗಳಲ್ಲಿ (ಕಚೇರಿಗಳಲ್ಲಿ ಇಂದಿಗೂ ‘ಎಫ್.ಆರ್.’ ಎಂದೇ ಪ್ರಸಿದ್ಧ) ಅಮಾನತಾದ ನೌಕರನಿಗೆ ವೇತನದ ನಾಲ್ಕನೇ ಒಂದು ಭಾಗ ಮೀರದಂತೆ ಜೀವನಾಧಾರ ಭತ್ಯೆ ಕೊಡಬಹುದೆಂದಿತ್ತು. ಸ್ವಾತಂತ್ರ್ಯಾನಂತರ ಅದು ಅರ್ಧ ವೇತನದ ರಜೆಯಲ್ಲಿ ಸಿಗುವಷ್ಟು ಮೊತ್ತಕ್ಕೆ ಏರಿತು. ಜೊತೆಗೆ ತುಟ್ಟಿಭತ್ಯೆಯೂ ಸೇರಿತು. ಖಾಸಗಿ ಕಾರ್ಖಾನೆಗಳಿಗೆ 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆ ಬಂತು. ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕೆಲಸದ ವೇಳೆ, ರಜೆ, ದುರ್ನಡತೆ, ಶಿಕ್ಷೆ ಇವೆಲ್ಲ ಬರಹದಲ್ಲಿರಬೇಕೆಂದು ಅದು ಕಡ್ಡಾಯ ಮಾಡಿತು. ಅದಕ್ಕೆ ಮುಂಚೆ ಎಷ್ಟೋ ಕಾರ್ಖಾನೆಗಳಲ್ಲಿ ಮೇಸ್ತ್ರಿಯ ಮಾತೇ ಕಾಯ್ದೆಯಾಗಿತ್ತೆಂಬುದನ್ನು ನೆನೆದರೆ ಇದು ಸಣ್ಣ ಹೆಜ್ಜೆಯಲ್ಲ. ಆದರೆ ವಿಚಾರಣೆಯ ಕಾಲದಲ್ಲಿ ಹೊಟ್ಟೆಗೇನು ಎಂಬ ಬಗ್ಗೆ ಈ ಕಾಯ್ದೆ ಮುಂದಿನ 36 ವರ್ಷ ಏನೂ ಹೇಳಲಿಲ್ಲ.

ಈ ಮೌನದ ಬೆಲೆ ಎಷ್ಟೆಂದು ತೋರಿಸಿದ್ದು ಮಧ್ಯಪ್ರದೇಶದ ಒಬ್ಬ ಅರಣ್ಯ ರೇಂಜರ್ ಪ್ರಕರಣ. ಅಮಾನತಾದ ಆತ ಇದ್ದದ್ದು ರೇವಾದಲ್ಲಿ. ವಿಚಾರಣೆ ನಡೆದದ್ದು ಸುಮಾರು 500 ಕಿಲೋಮೀಟರ್ ದೂರದ ಜಗದಲ್ಪುರದಲ್ಲಿ. ಭತ್ಯೆ ಕೊಡದಿದ್ದರೆ ಬರಲು ಸಾಧ್ಯವಿಲ್ಲವೆಂದು ಆತ ಬರೆದುಕೊಂಡ. ಭತ್ಯೆ ಕೈಸೇರುವ ಹೊತ್ತಿಗೆ ಸಾಕ್ಷ್ಯದ ಒಂದು ಭಾಗ ಆತನ ಗೈರುಹಾಜರಿಯಲ್ಲೇ ದಾಖಲಾಗಿಬಿಟ್ಟಿತ್ತು. 1973ರಲ್ಲಿ ಸುಪ್ರೀಂ ಕೋರ್ಟ್ ಆ ವಜಾ ಆದೇಶವನ್ನು ರದ್ದುಮಾಡಿತು. ತನ್ನ ಪಕ್ಷ ಹೇಳಿಕೊಳ್ಳಲು ತಕ್ಕ ಅವಕಾಶ ಕೊಡಬೇಕೆನ್ನುವ ಸಂವಿಧಾನದ 311ನೇ ವಿಧಿ ಇಲ್ಲಿ ಮುರಿದಿದೆ ಎಂಬುದು ನ್ಯಾಯಾಲಯದ ತರ್ಕ. ಅಲ್ಲಿಯವರೆಗೆ ಭತ್ಯೆಯೆಂದರೆ ದಯೆಯ ಮಾತಾಗಿತ್ತು. ಇಲ್ಲಿಂದ ಅದು ನ್ಯಾಯಬದ್ಧ ವಿಚಾರಣೆಯ ಅಂಗವಾಯಿತು. ನೋಟಿಸು ಕಳಿಸಿದ ಮಾತ್ರಕ್ಕೆ ಅವಕಾಶ ಕೊಟ್ಟಂತಾಗುವುದಿಲ್ಲ. ಬಸ್ಸಿನ ಟಿಕೆಟ್ಟಿಗೆ ಕಾಸಿಲ್ಲದವನ ಕೈಯಲ್ಲಿ ನೋಟಿಸು ಬರೀ ಕಾಗದ.

ಇದಕ್ಕಿಂತ ವಿಚಿತ್ರವಾದದ್ದು ಮಹಾರಾಷ್ಟ್ರದ ಕತೆ. ಅಲ್ಲಿ ಅನ್ವಯವಾಗುತ್ತಿದ್ದ 1959ರ ಬಾಂಬೆ ಸಿವಿಲ್ ಸೇವಾ ನಿಯಮಗಳಲ್ಲಿ ಒಂದು ಕಲಮು ಇತ್ತು. ಕೆಳ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ ಮೇಲ್ಮನವಿ ಬಾಕಿ ಇರುವ ನೌಕರನಿಗೆ ಭತ್ಯೆ ತಿಂಗಳಿಗೆ ಒಂದು ರೂಪಾಯಿ! ಹೆಸರಿಗೆ ಭತ್ಯೆ ಕೊಟ್ಟಂತೆಯೂ ಆಗಬೇಕು, ಕೊಡದಂತೆಯೂ ಇರಬೇಕು ಎಂಬ ಗುಮಾಸ್ತೆಯ ಜಾಣ್ಮೆ ಇದರಲ್ಲಿ ಕಾಣುತ್ತದೆ. 1983ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ತೊಡೆದುಹಾಕಿತು. ಬದುಕಲು ಸಾಲದ ಮೊತ್ತಕ್ಕೆ ಜೀವನಾಧಾರ ಎಂದು ಹೆಸರಿಡುವುದೇ ಅಣಕ ಎಂಬುದು ಆ ತೀರ್ಪಿನ ತಿರುಳು.

ಇಷ್ಟರಲ್ಲಿ ಸಂಸತ್ತೂ ಎಚ್ಚೆತ್ತಿತ್ತು. 1982ರಲ್ಲಿ ಸ್ಥಾಯಿ ಆದೇಶಗಳ ಕಾಯ್ದೆಗೆ 10ಎ ಕಲಮು ಸೇರಿತು. ಮೊದಲ 90 ದಿನ ಕೂಲಿಯ ಶೇ 50, ಆಮೇಲೆ ಶೇ 75. ಆದರೆ ವಿಚಾರಣೆ ತಡವಾದದ್ದು ಕಾರ್ಮಿಕನ ನಡವಳಿಕೆಯಿಂದಲೇ ಆಗಿದ್ದರೆ ಹೆಚ್ಚಳವಿಲ್ಲ. ಈ ಏರಿಕೆಯ ಹಿಂದಿನ ಯುಕ್ತಿಯನ್ನು ಗಮನಿಸಬೇಕು. ಕಾರ್ಮಿಕನಿಗೆ ಸಹಾಯ ಮಾಡುವುದಷ್ಟೇ ಇದರ ಗುರಿಯಲ್ಲ. ವಿಚಾರಣೆಯನ್ನು ಎಳೆದಷ್ಟೂ ಮಾಲೀಕನ ಜೇಬು ಹಗುರಾಗಲಿ, ಆಗಲಾದರೂ ಕಡತ ಬೇಗ ಸರಿಯಲಿ ಎಂಬ ಲೆಕ್ಕಾಚಾರವೂ ಉಂಟು. ಸಣ್ಣ ಸಂಸ್ಥೆಗಳವರಿಗಾಗಿ ರಾಜ್ಯಗಳೂ ತಮ್ಮದೇ ಕಾಯ್ದೆ ಮಾಡಿದವು: ಕೇರಳ 1972ರಲ್ಲಿ, ತಮಿಳುನಾಡು 1981ರಲ್ಲಿ, ಕರ್ನಾಟಕ 1988ರಲ್ಲಿ. ನಮ್ಮ ರಾಜ್ಯದ ಜೀವನಾಧಾರ ಭತ್ಯೆ ಪಾವತಿ ಕಾಯ್ದೆಯಲ್ಲಿ ಆರು ತಿಂಗಳು ದಾಟಿದ ಅಮಾನತಿಗೆ ಮುಕ್ಕಾಲಿಗಿಂತಲೂ ಹೆಚ್ಚಿನ ದರವಿದೆ.

ಈಗ ಕೆ.ಜಿ.ಎಫ್.ಗೆ ಬರೋಣ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿದ್ದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಉದ್ಯಮವಾಗಿದ್ದವು. ಚಿನ್ನದ ಕಳವು ಅಲ್ಲಿ ಎಂದೂ ಮುಗಿಯದ ತಲೆನೋವು. ಅದನ್ನು ತಡೆಯಬೇಕಾದ ಒಬ್ಬ ಭದ್ರತಾ ಅಧಿಕಾರಿಯ ಮನೆಯ ಮೇಲೆಯೇ 1985ರ ಜೂನ್ 2ರಂದು ಪೊಲೀಸ್ ದಾಳಿ ನಡೆಯಿತು. ಸಿಕ್ಕಿತೆನ್ನಲಾದದ್ದು ನಾಲ್ಕೂವರೆ ಗ್ರಾಂ ತೂಕದ ಒಂದು ಚಿನ್ನದ ಉಂಡೆ ಮತ್ತು 1,276 ಗ್ರಾಂ ಚಿನ್ನಮಿಶ್ರಿತ ಮರಳು. ಮರುದಿನವೇ ಅಮಾನತು, ಅದರ ಮರುದಿನ ಆರೋಪಪಟ್ಟಿ.

ಆರೋಪ ಅಲ್ಲಗಳೆದ ಅಧಿಕಾರಿ ಒಂದು ಕೋರಿಕೆ ಇಟ್ಟರು. ಇದೇ ಸಂಗತಿ, ಇದೇ ಸಾಕ್ಷಿಗಳು ಕ್ರಿಮಿನಲ್ ಮೊಕದ್ದಮೆಯಲ್ಲೂ ಬರುತ್ತವೆ. ಅದು ಮುಗಿಯುವತನಕ ಇಲಾಖಾ ವಿಚಾರಣೆ ಮುಂದೂಡಿ. ಆಡಳಿತ ಒಪ್ಪಲಿಲ್ಲ. ಅವರು ಕೇರಳದ ತಮ್ಮ ಊರಿಗೆ ಹೋಗಿದ್ದರು, ಕಾಯಿಲೆ ಬಿದ್ದಿದ್ದರು, ಕೈಯಲ್ಲಿ ಕಾಸಿರಲಿಲ್ಲ. ಭತ್ಯೆ ಪಾವತಿಯಾಗಿರಲಿಲ್ಲ. ಪ್ರಯಾಣ ಮಾಡಲಾರೆನೆಂದು ಮತ್ತೆ ಮತ್ತೆ ಪತ್ರ ಬರೆದರು. ವಿಚಾರಣೆ ಅವರಿಲ್ಲದೆಯೇ ನಡೆದು, 1986ರ ಜೂನ್ 7ರಂದು ವಜಾ ಆದೇಶ ಹೊರಬಿತ್ತು. ಎಂಟು ತಿಂಗಳ ಬಳಿಕ, 1987ರ ಫೆಬ್ರುವರಿ 3ರಂದು, ಕ್ರಿಮಿನಲ್ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ದಾಳಿ ನಡೆದು ಮಾಲು ಸಿಕ್ಕಿತೆಂಬುದನ್ನೇ ಪೊಲೀಸರಿಂದ ಸಾಬೀತುಮಾಡಲಾಗಲಿಲ್ಲ. ಅದೇ ತಿಂಗಳು ಅವರು ಕೆಲಸ ಮರಳಿ ಕೇಳಿದರೆ, ಕಂಪನಿಯ ಉತ್ತರ ಇಲ್ಲವೆಂದೇ.

ಆಮೇಲಿನದು ನ್ಯಾಯಾಲಯಗಳ ಮೆಟ್ಟಿಲು. 1995ರಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಅವರ ಪರ ತೀರ್ಪಿತ್ತಿತು. 1997ರಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿತು. 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿತು. ನ್ಯಾಯಮೂರ್ತಿ ಸಘೀರ್ ಅಹಮದ್ ಬರೆದ ಆ ತೀರ್ಪು ಭತ್ಯೆ ತಡೆಹಿಡಿಯುವುದನ್ನು ನಿಧಾನವಾಗಿ ವಿಷವಿಕ್ಕುವುದಕ್ಕೆ ಹೋಲಿಸಿದೆ. ಅಮಾನತಾದ ಮಾತ್ರಕ್ಕೆ ಮನುಷ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ ಎಂದಿದೆ. ಬಡತನದಿಂದಾಗಿ ಬರಲಾಗದವನ ಬೆನ್ನ ಹಿಂದೆ ನಡೆಸಿದ ವಿಚಾರಣೆ ವಿಚಾರಣೆಯೇ ಅಲ್ಲವೆಂದು ಇಡೀ ಪ್ರಕ್ರಿಯೆಯನ್ನು ರದ್ದುಮಾಡಿತು. ಸಾಮಾನ್ಯವಾಗಿ ಇಂಥ ಕಡೆ ಹೊಸದಾಗಿ ವಿಚಾರಣೆ ನಡೆಸಲು ಮಾಲೀಕರಿಗೆ ಅವಕಾಶ ಉಳಿಸುವ ಪದ್ಧತಿಯಿದೆ. ಇಲ್ಲಿ ಅದನ್ನೂ ಕೊಡಲಿಲ್ಲ. 1985ರಿಂದ ಈ ಯಾತನೆ ಉಂಡವರನ್ನು ಮತ್ತೆ ವಿಚಾರಣೆಗೆ ದೂಡುವುದು ಬೇಡ, ಕೂಡಲೇ ಕೆಲಸಕ್ಕೆ ತೆಗೆದುಕೊಂಡು ಅಮಾನತಿನ ದಿನದಿಂದ ಪೂರ್ತಿ ಬಾಕಿ ಸಂಬಳ ಕೊಡಿ ಎಂದು ಆದೇಶವಾಯಿತು.

ಲೆಕ್ಕ ಹಾಕಿ ನೋಡಿ. ಒಂದು ವರ್ಷದ ಅರ್ಧ ಸಂಬಳ ಉಳಿಸಹೋದ ಸಂಸ್ಥೆ ಸುಮಾರು ಹದಿನಾಲ್ಕು ವರ್ಷದ ಪೂರ್ಣ ಸಂಬಳ ತೆರಬೇಕಾಯಿತು. ತಮ್ಮ ಕೈಯಲ್ಲಿ ಗಟ್ಟಿ ಸಾಕ್ಷ್ಯವಿದೆ ಎಂದು ನಂಬುವ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಇಲ್ಲಿ ಮುರಿದುಬಿದ್ದದ್ದು ಸಾಕ್ಷ್ಯವೊಂದೇ ಅಲ್ಲ, ವಿಚಾರಣೆಯ ಬುನಾದಿಯೂ ಹೌದು.

ಹಾಗೆಂದು ಭತ್ಯೆ ಒಂದು ದಿನ ತಡವಾದರೆ ಸಾಕು, ವಜಾ ಬಿದ್ದುಹೋಗುತ್ತದೆ ಎಂದು ನೌಕರರೂ ಭಾವಿಸಬೇಕಿಲ್ಲ. ನಂತರದ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ತಕ್ಕಡಿಯನ್ನು ಸ್ವಲ್ಪ ಸರಿದೂಗಿಸಿದೆ. ಭತ್ಯೆ ಸಿಗದ್ದರಿಂದ ತನ್ನ ಪಕ್ಷ ಮಂಡಿಸಲು ನಿಜವಾಗಿ ಅಡ್ಡಿಯಾಯಿತೆಂದು ನೌಕರ ತೋರಿಸಬೇಕು. ಪಕ್ಕದ ಬೀದಿಯಲ್ಲೇ ಇದ್ದು ಎಲ್ಲ ದಿನವೂ ಹಾಜರಾದವನಿಗೆ ಈ ವಾದ ಸುಲಭವಾಗಿ ದಕ್ಕದು. ಅಮಾನತಿನ ಕಾಲದಲ್ಲಿ ಬೇರೆ ಕಡೆ ಸಂಪಾದನೆ ಮಾಡುತ್ತಿಲ್ಲವೆಂದು ಸರ್ಕಾರಿ ನೌಕರ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದನ್ನು ಕೊಡದೆ ಭತ್ಯೆ ಬರಲಿಲ್ಲವೆಂದು ದೂರುವುದೂ ಕಷ್ಟ. ಎರಡೂ ವಿಚಾರಣೆ ಏಕಕಾಲಕ್ಕೆ ನಡೆಯಬಹುದೇ ಎಂಬುದಕ್ಕೆ ಕೆ.ಜಿ.ಎಫ್. ತೀರ್ಪೇ ಉತ್ತರ ಕೊಟ್ಟಿದೆ. ನಡೆಯಬಹುದು. ಆದರೆ ಸಂಗತಿಗಳು ಒಂದೇ ಆಗಿದ್ದು ಆರೋಪ ಗಂಭೀರವೂ ಜಟಿಲವೂ ಆಗಿದ್ದರೆ ಇಲಾಖಾ ವಿಚಾರಣೆ ಕಾಯುವುದು ಒಳಿತು. ಮೊಕದ್ದಮೆ ಆಮೆಗತಿಯಲ್ಲಿ ಸಾಗಿದರೆ ಮಾತ್ರ ಮತ್ತೆ ಕೈಗೆತ್ತಿಕೊಳ್ಳಬಹುದು.

ನಮ್ಮ ರಾಜ್ಯದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಬೆಂಗಳೂರಿನ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ 2014ರಲ್ಲಿ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಷರತ್ತುಬದ್ಧ ವಿನಾಯಿತಿ ನೀಡಿ, ಮುಂದೆ ಅದನ್ನು ವಿಸ್ತರಿಸುತ್ತ ಬಂತು. ಹೊಸ ಉದ್ಯಮಕ್ಕೆ ಹಳೆಯ ಅಂಗಿ ಹೊಂದದು ಎಂಬುದು ಕಂಪನಿಗಳ ವಾದ. ಕಂಪ್ಯೂಟರ್ ಮುಂದೆ ಕೂತವನಿಗೂ ಬಾಡಿಗೆ, ಸಾಲದ ಕಂತು ಇದ್ದೇ ಇರುತ್ತವಲ್ಲ ಎಂಬುದು ಈ ಲೇಖಕನ ಸಂದೇಹ.

ಆ 1946ರ ಕಾಯ್ದೆಯೇ ಈಗ ಇತಿಹಾಸ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸ್ಥಾಯಿ ಆದೇಶಗಳ ಅಧ್ಯಾಯ ಅನ್ವಯಿಸುವುದು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಅರ್ಧ ಮತ್ತು ಮುಕ್ಕಾಲಿನ ಹಳೆಯ ಲೆಕ್ಕವನ್ನು 38ನೇ ಕಲಮು ಹಾಗೆಯೇ ಉಳಿಸಿಕೊಂಡಿದೆ. ಹೊಸದೆಂದರೆ ಗಡುವು: ಅಮಾನತಾದ ದಿನದಿಂದ ಸಾಮಾನ್ಯವಾಗಿ 90 ದಿನಗಳೊಳಗೆ ವಿಚಾರಣೆ ಮುಗಿಯಬೇಕು. ಹಾಗೆ ಮುಗಿದರೆ ಮುಕ್ಕಾಲು ಸಂಬಳದ ಮಾತೇ ಏಳದು.

ಕೋಲಾರದ ಗಣಿಗೆ ಇದ್ಯಾವುದೂ ಇನ್ನು ಸಂಬಂಧವಿಲ್ಲ. ಭದ್ರತಾ ಅಧಿಕಾರಿಯನ್ನು ಕೆಲಸಕ್ಕೆ ಮರಳಿಸಿಕೊಳ್ಳಿ ಎಂಬ ಆದೇಶ ಬಂದು ಎರಡು ವರ್ಷ ತುಂಬುವ ಮೊದಲೇ, 2001ರ ಫೆಬ್ರುವರಿ 28ರಂದು, ಭಾರತ್ ಗೋಲ್ಡ್ ಮೈನ್ಸ್ ಗಣಿಗಾರಿಕೆ ನಿಲ್ಲಿಸಿತು.