ಅನುದಾನದ ದಿಕ್ಕು ಬದಲಾದ ಬಗೆ: ಇಂಗ್ಲೆಂಡಿನ ಶಾಲೆಗಳಲ್ಲಿ ಪರಿಹಾರ ಬೋಧನೆ

ಕಲಿಕೆಯಲ್ಲಿ ಹಿಂದುಳಿದ ಮಗುವಿಗಾಗಿ ಶಾಲೆಗೆ ಹೆಚ್ಚುವರಿ ಹಣ ಕೊಡಬೇಕೆಂಬುದು ಇಂದು ಸಹಜವೆನಿಸಿದರೂ, ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನಡೆದುಕೊಂಡು ಬಂದದ್ದು ಇದಕ್ಕೆ ತದ್ವಿರುದ್ಧವಾದ ನೀತಿ. ರಾಬರ್ಟ್ ಲೋ ರೂಪಿಸಿದ 1862ರ ಪರಿಷ್ಕೃತ ಸಂಹಿತೆಯು ‘ಫಲಿತಾಂಶಕ್ಕೆ ತಕ್ಕ ಅನುದಾನ’ವನ್ನು, ಅಂದರೆ ಪರೀಕ್ಷೆಯಲ್ಲಿ ಪಾಸಾದ ಮಕ್ಕಳನ್ನು ಎಣಿಸಿ ಶಾಲೆಗೆ ಹಣ ನೀಡುವ ಕ್ರಮವನ್ನು, ಜಾರಿಗೆ ತಂದಿತು. ನಿಗದಿತ ಹಾಜರಿಯುಳ್ಳ ಮಗುವೊಂದಕ್ಕೆ 8 ಶಿಲಿಂಗ್ ದೊರೆಯುತ್ತಿದ್ದು, ಓದು, ಬರಹ, ಲೆಕ್ಕಗಳಲ್ಲಿ ಯಾವುದೊಂದರಲ್ಲಿ ಸೋತರೂ ಅದರ ಮೂರನೆಯ ಒಂದು ಭಾಗ, ಎಂದರೆ 2 ಶಿಲಿಂಗ್ 8 ಪೆನ್ಸ್, ಕಡಿತವಾಗುತ್ತಿತ್ತು. ತಪಾಸಣೆಯ ದಿನ ಇನ್ಸ್‌ಪೆಕ್ಟರರ ಮುಂದೆ ಸಾಲಾಗಿ ನಿಂತ ಮಕ್ಕಳು ಪಠ್ಯಪುಸ್ತಕವನ್ನು ನೋಡದೆಯೇ ಒಪ್ಪಿಸುವಷ್ಟರ ಮಟ್ಟಿಗೆ ಕಂಠಪಾಠ ಬೆಳೆದದ್ದು ಈ ಲೆಕ್ಕಾಚಾರದ ಫಲ. ಕನ್ನಡ ಜಿಲ್ಲೆಗಳನ್ನೂ ಒಳಗೊಂಡಿದ್ದ ಮುಂಬಯಿ ಮತ್ತು ಮದರಾಸು ಪ್ರಾಂತಗಳ ಅನುದಾನಿತ ಶಾಲೆಗಳಿಗೂ ಇದೇ ತತ್ತ್ವ ಅನ್ವಯವಾಯಿತು. ಇಂಗ್ಲೆಂಡಿನಲ್ಲಿ ಆ ಶತಮಾನದ ಕೊನೆಯ ದಶಕದಲ್ಲಿ ಪದ್ಧತಿ ಅಳಿಯಿತು.

ಹಣದ ದಿಕ್ಕನ್ನು ತಿರುಗಿಸಬೇಕೆಂಬ ವಾದಕ್ಕೆ ಅಧಿಕೃತ ಮನ್ನಣೆ ದೊರೆತದ್ದು ಪ್ರಾಥಮಿಕ ಶಿಕ್ಷಣ ಕುರಿತ 1967ರ ಪ್ಲೌಡೆನ್ ವರದಿಯಲ್ಲಿ. ಬಡತನ ದಟ್ಟವಾಗಿರುವ ಬಡಾವಣೆಗಳನ್ನು ‘ಶೈಕ್ಷಣಿಕ ಆದ್ಯತಾ ಪ್ರದೇಶ’ಗಳೆಂದು ಗುರುತಿಸಿ, ಅಲ್ಲಿನ ಶಾಲೆಗಳಿಗೆ ಉಳಿದವಕ್ಕಿಂತ ಹೆಚ್ಚು ಒದಗಿಸಬೇಕೆಂದು ಅದು ಹೇಳಿತು; ಸಮಾಜಶಾಸ್ತ್ರಜ್ಞ ಎ. ಎಚ್. ಹಾಲ್ಸಿ ಅವರ ನೇತೃತ್ವದಲ್ಲಿ ಲಿವರ್‌ಪೂಲ್, ಬರ್ಮಿಂಗ್‌ಹ್ಯಾಮ್ ಮೊದಲಾದೆಡೆ ಪ್ರಯೋಗಗಳೂ ನಡೆದವು. ಆದರೆ ಪ್ರದೇಶವನ್ನೇ ಘಟಕವಾಗಿಸಿದಾಗ ಅದರ ಹೊರಗಿನ ಬಡ ಮಗು ಲೆಕ್ಕದಿಂದ ತಪ್ಪಿಹೋಗುತ್ತಿತ್ತು. 2011ರಲ್ಲಿ ಆರಂಭವಾದ ‘ಪ್ಯೂಪಿಲ್ ಪ್ರೀಮಿಯಂ’, ಎಂದರೆ ಮುಖ್ಯವಾಗಿ ಬಡ ಕುಟುಂಬದ ವಿದ್ಯಾರ್ಥಿಗಳನ್ನು ಎಣಿಸಿ ಶಾಲೆಗೆ ಕೊಡುವ ಪೂರಕ ಅನುದಾನ, ಈ ಕೊರತೆಯನ್ನು ನೀಗಲೆತ್ನಿಸಿತು. ಮರುವರ್ಷದ ‘ಕ್ಯಾಚ್-ಅಪ್ ಪ್ರೀಮಿಯಂ’ ಇನ್ನೂ ಮುಂದೆ ಹೋಗಿ, 11ನೆಯ ವಯಸ್ಸಿಗೆ ಓದು ಅಥವಾ ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟದೆ ಪ್ರೌಢಶಾಲೆಗೆ ಬಂದ ಪ್ರತಿ ಮಗುವಿಗೆ 500 ಪೌಂಡ್ ನೀಡಿತು.

ಶಾಲೆಗಳು ಈ ಹಣದಿಂದ ಬಹುಮಟ್ಟಿಗೆ ಬೋಧನಾ ಸಹಾಯಕರನ್ನು ನೇಮಿಸಿಕೊಂಡವು. ಮೂರು-ನಾಲ್ಕು ಮಕ್ಕಳನ್ನು ತರಗತಿಯಿಂದ ಬೇರೆ ಕೋಣೆಗೆ ಕರೆದೊಯ್ದು ಅಕ್ಷರ-ಧ್ವನಿಗಳ ಸಂಬಂಧವನ್ನೋ ಭಿನ್ನರಾಶಿಯನ್ನೋ ಮತ್ತೆ ಕಲಿಸುವುದು ದಿನಚರಿಯ ಭಾಗವಾಯಿತು. ಆದರೆ ತರಗತಿಯಲ್ಲಿ ಸಹಾಯಕರ ನೆರವನ್ನು ಹೆಚ್ಚು ಪಡೆದ ಮಕ್ಕಳ ಪ್ರಗತಿ ಕಡಿಮೆಯಾಗಿಯೇ ಉಳಿದದ್ದನ್ನು 2009ರಲ್ಲಿ ಪೂರ್ಣಗೊಂಡ ದೊಡ್ಡ ಅಧ್ಯಯನವೊಂದು ಆಗಲೇ ತೋರಿಸಿತ್ತು. ಶಿಕ್ಷಕರಿಂದ ದೂರ ಕುಳಿತ ಮಗುವಿಗೆ ಸಹಾಯಕರೇ ಉತ್ತರ ಹೇಳಿಕೊಟ್ಟರೆ ನೆರವು ಕಲಿಕೆಯಾಗುವುದಿಲ್ಲ. ತರಬೇತಿ ಪಡೆದವರು ಕ್ರಮಬದ್ಧ ಪಾಠಗಳನ್ನು ಅಲ್ಪಾವಧಿಯಲ್ಲಿ, ಪದೇಪದೇ ನಡೆಸಿದಾಗ ಮಾತ್ರ ಅದು ಫಲಿಸುತ್ತದೆ. ಶಾಲೆಯ ಆಯವ್ಯಯದ ಕೊರತೆ ತುಂಬಲು ಪೂರಕ ಹಣವನ್ನು ಬಳಸಿದ್ದಾಗಿ ಸಮೀಕ್ಷೆಗಳಲ್ಲಿ ಒಪ್ಪಿಕೊಂಡ ಮುಖ್ಯೋಪಾಧ್ಯಾಯರೂ ಇದ್ದಾರೆ.

ಕೋವಿಡ್ ಕಾಲದಲ್ಲಿ ಸರ್ಕಾರ ಮಗುವೊಂದಕ್ಕೆ ಸುಮಾರು 80 ಪೌಂಡ್ ಕೊಟ್ಟು, ರಾಷ್ಟ್ರೀಯ ಟ್ಯೂಷನ್ ಯೋಜನೆಯನ್ನೂ ಆರಂಭಿಸಿತು. ಕಲಿಕಾ ಚೇತರಿಕೆಯ ಆಯುಕ್ತರಾಗಿದ್ದ ಕೆವನ್ ಕಾಲಿನ್ಸ್, ಹೊಸದಾಗಿ ಘೋಷಿಸಿದ 140 ಕೋಟಿ ಪೌಂಡ್ ಏನೇನೂ ಸಾಲದೆಂದು 2021ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. 2024ರಲ್ಲಿ ಟ್ಯೂಷನ್ ಯೋಜನೆಯೂ ಮುಗಿಯಿತು. ಲೋ ಅವರ ಕಾಲದಲ್ಲಿ ಶಾಲೆಗೆ ನಷ್ಟವಾಗಿ ಕಂಡ ಮಗುವಿನ ಹೆಸರಿನಲ್ಲೇ ಹಣ ಬರುವಂತಾದದ್ದು ದೊಡ್ಡ ಬದಲಾವಣೆಯೇ ಹೌದು. ಆದರೆ ಹಿಂದುಳಿದ ಮಗುವಿನ ಕಲಿಕೆ ವರ್ಷಗಟ್ಟಲೆ ಬೇಡುವ ಕೆಲಸವಾಗಿರುವಾಗ, ಅದಕ್ಕೆಂದು ಮೀಸಲಿಟ್ಟ ಹಣ ಮಾತ್ರ ಮತ್ತೆ ಮತ್ತೆ ಅರ್ಧದಲ್ಲೇ ನಿಂತಿದೆ.