ಅಗಲಿಕೆಯ ಗಡುವು: ಪರಮಗೀತೆ, ಮುಲ್ಲೈ ಮತ್ತು ಬಾಬಿಲೋನಿನ ಸೆರೆ

ಬೈಬಲಿನ ಪರಮಗೀತೆಗೂ ತಮಿಳಿನ ಸಂಗಂ ಸಾಹಿತ್ಯದ ಅಗಂ (ಪ್ರೇಮ) ಪದ್ಯಗಳಿಗೂ ನಂಟಿದೆಯೆಂದು ಹೀಬ್ರೂ ವಿದ್ವಾಂಸ ಖಾಯಿಮ್ ರಾಬಿನ್ 1973ರಲ್ಲಿ ವಾದಿಸಿದರು. ದೂರದ ನಲ್ಲನಿಗಾಗಿ ಹೆಣ್ಣೇ ಬಾಯಿಬಿಟ್ಟು ಹಂಬಲಿಸುವುದು ಅವರ ಆಧಾರಗಳಲ್ಲೊಂದು. ಅಬ್ರಹಾಂ ಮರಿಯಸೆಲ್ವಂ 1988ರ ತಮ್ಮ ಗ್ರಂಥದಲ್ಲಿ ಎರಡನ್ನೂ ವಿಸ್ತಾರವಾಗಿ ಹೋಲಿಸಿದರು. ಸೊಲೊಮೋನನ ಕಾಲದ ವ್ಯಾಪಾರದ ಹಾದಿಯಲ್ಲಿ ಈ ಪ್ರಭಾವ ಸಾಗಿತೆಂಬ ಊಹೆಗೆ ಕಾಲಗಣನೆಯೇ ತೊಡಕು. ಸಂಗಂ ಪದ್ಯಗಳನ್ನು ಸಾಮಾನ್ಯವಾಗಿ ಅದಕ್ಕಿಂತ ಬಹಳ ಈಚಿನ, ಕ್ರಿಸ್ತಶಕದ ಮೊದಲ ಶತಮಾನಗಳಿಗೆ ಸೇರಿಸುತ್ತಾರೆ. ಪ್ರಭಾವದ ಚರ್ಚೆಯನ್ನು ಬದಿಗಿರಿಸಿ, ಪ್ರೇಮಿಗಳನ್ನು ಅಗಲಿಸುವುದು ಯಾವುದು, ಆ ಅಗಲಿಕೆಗೆ ಗಡುವುಂಟೆ ಎಂಬುದನ್ನಷ್ಟೇ ಈ ಲೇಖನ ಪರಿಶೀಲಿಸುತ್ತದೆ.

ತಮಿಳಿನ ಪ್ರಾಚೀನ ವ್ಯಾಕರಣಗ್ರಂಥ ತೊಲ್ಕಾಪ್ಪಿಯಂ ಅಗಲಿಕೆಗೆ ಓದು, ಹಗೆ, ದೂತಕಾರ್ಯಗಳನ್ನು ಕಾರಣವಾಗಿ ಎಣಿಸುತ್ತದೆ. ದಂಡಿಗೆ ಹೋದವನು ಮಳೆಗಾಲಕ್ಕೆ ಮರಳಬೇಕು. ಅಲ್ಲಿಯವರೆಗೆ ತಾಳಿಕೊಂಡಿರುವುದು ಮುಲ್ಲೈ ಎಂಬ ತಿಣೆಯ, ಅಂದರೆ ಕಾವ್ಯಭೂಮಿಕೆಯ, ವಸ್ತು. ನಪ್ಪೂದನಾರನ 103 ಸಾಲುಗಳ ಮುಲ್ಲೈಪ್ಪಾಟ್ಟಿನಲ್ಲಿ ರಾಣಿ ಅರಮನೆಯಲ್ಲಿ, ಅರಸ ಪಾಳೆಯದಲ್ಲಿ, ಇಬ್ಬರಿಗೂ ನಿದ್ದೆಯಿಲ್ಲ. ಮರಳುವ ಪಡೆಯ ಸದ್ದಿನೊಂದಿಗೆ ಕಾವ್ಯ ಮುಗಿಯುತ್ತದೆ. ಇದನ್ನೊಳಗೊಂಡ ಹತ್ತು ಕಾವ್ಯಗಳ ಸಂಕಲನ ಪತ್ತುಪ್ಪಾಟ್ಟನ್ನು ಉ. ವೇ. ಸ್ವಾಮಿನಾಥ ಅಯ್ಯರ್ 1889ರಲ್ಲಿ ಅಚ್ಚಿಗೆ ತಂದರು.  ಮೈಸೂರಿನ ಎ. ಕೆ. ರಾಮಾನುಜನ್ 1967ರಲ್ಲಿ ಅಗಂ ಪದ್ಯಗಳನ್ನು ಇಂಗ್ಲಿಷಿಗೆ ತಂದ ಮೇಲೆ ಅವುಗಳಿಗೆ ಹೊರಗಿನ ಓದುಗರೂ ದೊರೆತರು.

ಪರಮಗೀತೆಯಲ್ಲಿ ಯುದ್ಧ ಬರೀ ಅಲಂಕಾರ. ಸೊಲೊಮೋನನ ಪಲ್ಲಕ್ಕಿಯ ಸುತ್ತ 60 ಭಟರಿದ್ದಾರೆ; ನಲ್ಲೆಯ ಕೊರಳು ಗುರಾಣಿ ತೂಗಿದ ಗೋಪುರ. ನಲ್ಲನನ್ನು ಹುಡುಕುತ್ತ ಇರುಳಲ್ಲಿ ಹೊರಟವಳನ್ನು ಹೊಡೆಯುವವರು ಊರಿನ ಕಾವಲುಗಾರರೇ, ವೈರಿಗಳಲ್ಲ. ಯುದ್ಧ ತಂದ ವಿಯೋಗವನ್ನು ಕಾಣಲು ಬೈಬಲಿನ ಬೇರೆ ಪುಸ್ತಕಗಳಿಗೆ ಹೋಗಬೇಕು. ಹೊಸದಾಗಿ ಮದುವೆಯಾದವನಿಗೆ ಧರ್ಮೋಪದೇಶಕಾಂಡ ಒಂದು ವರ್ಷ ಸೈನ್ಯದಿಂದ ವಿನಾಯಿತಿ ಕೊಡುತ್ತದೆ. ದಾವೀದನನ್ನು ಪ್ರೀತಿಸಿ ವರಿಸಿದ ಮೀಕಲಳನ್ನು, ಅವನು ತಲೆಮರೆಸಿಕೊಂಡಿದ್ದಾಗ, ತಂದೆ ಸೌಲ ಪಲ್ಟೀಯೇಲನಿಗೆ ಕೊಟ್ಟ. ಮುಂದೆ ಸೌಲನ ಮತ್ತು ತನ್ನ ಮನೆತನಗಳ ಕದನದ ನಡುವೆ ದಾವೀದ ಅವಳನ್ನು ಕೇಳಿ ಪಡೆದಾಗ ಪಲ್ಟೀಯೇಲ ಬಹುರೀಮಿನವರೆಗೂ ಅಳುತ್ತ ಹಿಂಬಾಲಿಸಿದ. ಮೀಕಲಳ ಮನಸ್ಸಿನಲ್ಲೇನಿತ್ತೆಂದು ಕಥೆ ಹೇಳುವುದಿಲ್ಲ. ಮುಲ್ಲೈಯಲ್ಲಿ ಮರಳುವಿಕೆ ಕಾಯುವವಳ ಬಯಕೆ. ಇಲ್ಲಿ ಅದು ರಾಜಕೀಯದ ಷರತ್ತು.

ಕ್ರಿ.ಪೂ. 597ರಲ್ಲಿ ಶುರುವಾದ ಯೆಹೂದ್ಯರ ಬಾಬಿಲೋನಿನ ಸೆರೆ ಮರಳುವಿಕೆಯ ಗಡುವನ್ನೇ ಅಳಿಸಿತು. ಅಲ್ಲೇ ಮದುವೆಯಾಗಿ ಮಕ್ಕಳನ್ನು ಪಡೆಯಿರಿ, ಬಿಡುಗಡೆಗೆ 70 ವರ್ಷ ಬೇಕು ಎಂದು ಪ್ರವಾದಿ ಯೆರೆಮೀಯ ಸೆರೆಯಾಳುಗಳಿಗೆ ಬರೆದ. ಅದು ಒಂದು ಆಯುಸ್ಸಿನ ಅವಧಿ. ಅಷ್ಟು ಕಾಲ ಯಾರೂ ಯಾರಿಗೂ ಕಾಯಲಾರರು. ಸೆರೆಯಲ್ಲಿದ್ದ ಪ್ರವಾದಿ ಯೆಹೆಜ್ಕೇಲನ ಹೆಂಡತಿ ತೀರಿಕೊಂಡಾಗ ಅವನಿಗೆ ಅಳುವ ಹಕ್ಕೂ ಉಳಿಯಲಿಲ್ಲ. ಆ ಸಾವು ಯೆರೂಸಲೇಮಿನ ಪತನದ ಗುರುತಾಯಿತು. ನಗರ ಬಿದ್ದ ಮೇಲೆ ಬೈಬಲಿನ ‘ಪ್ರಲಾಪಗಳು’ ಪುಸ್ತಕದ ಶೋಕಗೀತೆಗಳು ಆ ನಗರವನ್ನೇ ವಿಧವೆಯಾಗಿ ಕಂಡವು.

ಆದ್ದರಿಂದ ದನಿಯ ಹೋಲಿಕೆಗೆ ಪರಮಗೀತೆ ಸಾಲಬಹುದು. ಯುದ್ಧದ ವಿಯೋಗವೇ ವಿಷಯವಾದರೆ ಮುಲ್ಲೈಪ್ಪಾಟ್ಟಿನ ಪಕ್ಕದಲ್ಲಿಟ್ಟು ಓದಬೇಕಾದದ್ದು ಪ್ರಲಾಪಗಳನ್ನು. ಎರಡರಲ್ಲೂ ಇರುವುದು ಹಿಂದೆ ಉಳಿದ ಹೆಣ್ಣು. ಒಬ್ಬಳಿಗೆ ಗಡುವಿದೆ, ಇನ್ನೊಬ್ಬಳಿಗೆ ಇಲ್ಲ.