ಡಯಾಬ್ಲೊ 3: ಆಟಕ್ಕೆ ಮೆಚ್ಚುಗೆ, ಷರತ್ತಿಗೆ ಆಕ್ಷೇಪ

ಕತ್ತಿ, ಕೊಡಲಿ, ಮಂತ್ರಶಕ್ತಿಗಳಿಂದ ರಾಕ್ಷಸರ ದಂಡನ್ನು ಸದೆಬಡಿಯುತ್ತ, ದೊರೆತ ಆಯುಧಗಳಿಂದ ಬಲ ಹೆಚ್ಚಿಸಿಕೊಳ್ಳುವ ಕಂಪ್ಯೂಟರ್ ಆಟ 'ಡಯಾಬ್ಲೊ 3'. ಅಮೆರಿಕದ ಬ್ಲಿಝಾರ್ಡ್ ಸಂಸ್ಥೆ ಇದನ್ನು 2012ರ ಮೇ 15ರಂದು ಬಿಡುಗಡೆ ಮಾಡಿತು.

ಕಾದಾಟದ ಸೊಗಸಿನ ಬಗ್ಗೆ ಆಟಗಾರರಲ್ಲಿ ಹೆಚ್ಚಿನ ತಕರಾರು ಇರಲಿಲ್ಲ. ಒಬ್ಬರೇ ಆಡುವಾಗಲೂ ಅಂತರಜಾಲ ಸಂಪರ್ಕ ಕಡ್ಡಾಯ ಎಂಬ ನಿಯಮವೇ ಸಿಟ್ಟಿಗೆ ಕಾರಣ. ಬಿಡುಗಡೆಯ ದಿನವೇ ಸರ್ವರ್‌ಗಳು ದಟ್ಟಣೆ ತಾಳಲಿಲ್ಲ. 'ಎರರ್ 37' ಎಂಬ ಸಂದೇಶ ನಗೆಪಾಟಲಾಯಿತು. ಬೀದರ್ ನಗರವಿರಲಿ, ಭಾಲ್ಕಿ, ಔರಾದ್‌ಗಳಿರಲಿ, ಸಂಪರ್ಕ ಕಡಿದರೆ ಹಣ ಕೊಟ್ಟು ಕೊಂಡ ಆಟವೂ ನಿಂತಂತೆಯೇ. 2000ದಲ್ಲಿ ಬಂದ 'ಡಯಾಬ್ಲೊ 2'ರಲ್ಲಿ ಇಂಥ ಕಟ್ಟುಪಾಡು ಇರಲಿಲ್ಲವೆಂಬುದನ್ನು ಹಳೆಯ ಆಟಗಾರರು ಮರೆಯಲಿಲ್ಲ. ವಿಚಿತ್ರವೆಂದರೆ, 2013ರ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಆವೃತ್ತಿಗಳಿಗೂ ಈ ನಿಯಮ ಅನ್ವಯಿಸಲಿಲ್ಲ!

ಇನ್ನೊಂದು ದೂರು ಹರಾಜುಕಟ್ಟೆಯದು. ಅಲ್ಲಿ ಆಯುಧಗಳನ್ನು ನಿಜವಾದ ಹಣಕ್ಕೂ ಮಾರಬಹುದಿತ್ತು. ಗೆದ್ದು ಪಡೆಯುವುದಕ್ಕಿಂತ ಕೊಳ್ಳುವುದೇ ಸಲೀಸಾದ ಮೇಲೆ ಕಾದಾಡುವುದೇಕೆ ಎಂಬ ಪ್ರಶ್ನೆ ಸಹಜವೇ. ಸಂಸ್ಥೆಯೂ ಈ ಲೋಪವನ್ನು ಒಪ್ಪಿ 2014ರ ಮಾರ್ಚ್ 18ರಂದು ಕಟ್ಟೆಯನ್ನು ಮುಚ್ಚಿತು. ಅದೇ ತಿಂಗಳು 'ರೀಪರ್ ಆಫ್ ಸೋಲ್ಸ್' ವಿಸ್ತರಣೆ ಬಂದ ಬಳಿಕ ಆಟಗಾರರ ಅಭಿಪ್ರಾಯ ಬಹುಮಟ್ಟಿಗೆ ಬದಲಾಯಿತು. ಕಂಪ್ಯೂಟರ್ ಆವೃತ್ತಿಯ ಅಂತರಜಾಲ ನಿಯಮ ಮಾತ್ರ ಸಡಿಲವಾಗಲಿಲ್ಲ.

ಬೀದರಿಗೆ ಸಮೀಪದ ಮಹಾನಗರ ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೊ ಸಹ 2017ರಲ್ಲಿ ಇದೇ ಜಾತಿಯ 'ಅಸುರ' ಎಂಬ ಆಟವನ್ನು ಹೊರತಂದಿತು. ಭಾರತೀಯ ಪುರಾಣಗಳಿಂದ ಪ್ರೇರಿತವಾದ ಈ ಆಟದಲ್ಲಿ ಪ್ರತಿ ಬಾರಿಯೂ ಹಂತಗಳ ವಿನ್ಯಾಸ ಬದಲಾಗುತ್ತದೆ.